ಬಟನ್ ಒತ್ತಿದವರು ಎದುರು ನಿಲ್ಲಬೇಕು

ಆಗ ನನಗೆ ಐವತ್ತೊಂಬತ್ತು. ಈಗ ಅರುವತ್ತನಾಲ್ಕು. ಅಂದರೆ ಐದು ವರ್ಷ ಹಿಂದಿನ ಮಾತು. ಆ ವರ್ಷ ನಮ್ಮ ಬೀಜದ ಫ್ಯಾಕ್ಟ್ರಿಯ ಶೆಡ್ಡಿನ ಮಾಡಿಗೆ ಕ್ಯಾಮೆರಾ ಬಂತು, ನನ್ನ ಕೈಗೆ ಒಂದು ಟ್ಯಾಬ್ ಬಂತು, ದೇವಕಿ ಕಳ್ಳಿ ಆದಳು. ಮೂರೂ ಒಂದೇ ಮಳೆಗಾಲದಲ್ಲಿ.

ಬೀಜ ಅಂದರೆ ಗೇರುಬೀಜ. ಫ್ಯಾಕ್ಟ್ರಿ ಪುತ್ತೂರು ಸುಳ್ಯ ರಸ್ತೆಯಲ್ಲಿ. ಹೆಸರು ಬೇಡ, ಈಗ ಮಾಲಕರು ಬೇರೆ. ಜಾಲ್ಸೂರಿನ ನಮ್ಮ ಓಣಿಯಿಂದ ಈ ವರ್ಷ ಕೆಲವು ಹುಡುಗಿಯರು ಅಲ್ಲಿಗೆ ಸೇರಿದ್ದಾರೆ. ಸೇರುವ ಮುಂಚೆ ನನ್ನ ಹತ್ತಿರ ಬಂದು, ಕಮಲಕ್ಕ, ಕೆಲಸ ಹೇಗೆ, ಕಷ್ಟವಾ ಅಂತ ಕೇಳಿದರು. ಕೆಲಸ ಕಷ್ಟ ಇಲ್ಲ ಅಂದೆ. ಮತ್ತೆ ಎಂತ ಕಷ್ಟ ಅಂತ ಕೇಳಿದರು. ಬಾಯಲ್ಲಿ ಹೇಳಿದರೆ ಮುಗಿಯುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಾನು ಶಾಲೆಗೆ ಹೋದದ್ದು ಮೂರನೇ ಕ್ಲಾಸಿನವರೆಗೆ. ಅಕ್ಷರ ಜೋಡಿಸಿ ಬರೆಯುವಾಗ ನಿಧಾನ ಆಗುತ್ತದೆ, ಆದರೆ ಬರೆದದ್ದು ನನಗೆ ಓದಲಿಕ್ಕೆ ಬರುತ್ತದೆ. ಅಷ್ಟು ಸಾಕು. ಅಲ್ಲಿ ನಾವು ಮಾತಾಡುವುದು ತುಳು, ಅರೆಭಾಷೆ. ಇಲ್ಲಿ ಕನ್ನಡದಲ್ಲಿ ಹಾಕಿದ್ದೇನೆ.

ನಾನು ಹೇಗೆ ಸೂಪರ್‌ವೈಸರ್ ಆದೆ ಅಂತ ಬರೆಯುವುದಿಲ್ಲ. ಅದರಲ್ಲಿ ಎಂತ ಇಲ್ಲ. ಮುಂಚೆ ಇದ್ದವಳಿಗೆ ಸೊಂಟ ನೋವು ಬಂತು, ನನ್ನನ್ನು ನಿಲ್ಲಿಸಿದರು.

ಮೊದಲು ನಮ್ಮನ್ನು ನೋಡುವವರು ಇರಲಿಲ್ಲ ಅಂತ ಅಲ್ಲ. ಹಳೆ ಧನಿಗಳ ಕಾಲದಲ್ಲಿ ಗೇಟಿನ ಹತ್ತಿರ ಒಬ್ಬ ಹೆಂಗಸು ನಿಂತು ಸಂಜೆ ನಮ್ಮ ಸೊಂಟ, ಸೆರಗು, ಬುತ್ತಿ ಡಬ್ಬ ಎಲ್ಲ ತಡಕಿ ಬಿಡುತ್ತಿದ್ದಳು. ಒಳ್ಳೆಯ ಕಾಲ ಅಂತ ನಾನು ಹೇಳುವುದಿಲ್ಲ. ಮೈ ಮುಟ್ಟುವಾಗ ಸಿಟ್ಟು ಬರುತ್ತಿತ್ತು. ಆದರೆ ಅವಳಿಗೆ ಒಂದು ಮುಖ ಇತ್ತು. ಕೈ ಗಟ್ಟಿ ಹಾಕಿದರೆ ಬೈಯಬಹುದಿತ್ತು. ಒಮ್ಮೆ ಏಲ್ಯಮ್ಮ, ನೆಲ್ಯಾಡಿ ಕಡೆಯಿಂದ ಮದುವೆಯಾಗಿ ಬಂದವಳು, ಆ ಹೆಂಗಸಿಗೆ ಹೇಳಿದ್ದು ಹೀಗೆ: ನನ್ನ ಗಂಡ ಇಷ್ಟು ಹುಡುಕುದಿಲ್ಲ ಮಾರಾಯ್ತಿ. ಗೇಟಿನಲ್ಲಿ ಇದ್ದವರೆಲ್ಲ ನಕ್ಕರು, ಹುಡುಕುವವಳೂ ನಕ್ಕಳು. ಮರುದಿನದಿಂದ ಕೈ ಸ್ವಲ್ಪ ಮೆತ್ತಗಾಯಿತು.

ಯಂತ್ರದ ಹತ್ತಿರ ಹಾಗೆ ಆಗುವುದಿಲ್ಲ.

ಮೊದಲು ಬಂದದ್ದು ಹೆಬ್ಬೆಟ್ಟಿನ ಯಂತ್ರ. ಹಾಜರಿಗೆ. ಬೀಜ ಒಡೆಯುವವರ ಕೈಯನ್ನು ನೀವು ನೋಡಿದ್ದೀರಾ? ಸಿಪ್ಪೆಯಲ್ಲಿ ಒಂದು ಎಣ್ಣೆ ಉಂಟು, ಸೊನೆಯ ಹಾಗೆ ಸುಡುತ್ತದೆ. ಎಷ್ಟು ಬೂದಿ ಹಚ್ಚಿದರೂ ಬೆರಳಿನ ಚರ್ಮ ಏಳುತ್ತದೆ, ಮತ್ತೆ ಬರುತ್ತದೆ, ಮತ್ತೆ ಏಳುತ್ತದೆ. ಬೆರಳಿನಲ್ಲಿ ಗೆರೆ ಎಲ್ಲಿಂದ ಉಳಿಯುವುದು? ಯಂತ್ರದೊಳಗಿನಿಂದ ಒಬ್ಬಳು, ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ ಅಂತ ಹೇಳುತ್ತಲೇ ಇದ್ದಳು. ನಾವು ಬೆರಳನ್ನು ತಲೆಗೆ ಉಜ್ಜಿದೆವು, ಸೀರೆಗೆ ಉಜ್ಜಿದೆವು, ಎಂಜಲು ಹಚ್ಚಿದೆವು. ಸಾಲು ಗೇಟಿನ ಹೊರಗೆ ರಸ್ತೆಯವರೆಗೆ ಬಂತು. ಬೀಜ ಒಡೆಯುವ ಫ್ಯಾಕ್ಟ್ರಿಗೆ ಬೆರಳಿನ ಯಂತ್ರ ತಂದವರು ತರುವ ಮುಂಚೆ ಒಬ್ಬಳ ಕೈ ನೋಡಿದ್ದರೆ ಸಾಕಿತ್ತು. ನೋಡಲಿಲ್ಲ.

ಆಮೇಲೆ ಮುಖದ ಯಂತ್ರ. ಟೋಪಿ ತೆಗೆದು, ಮಾಸ್ಕ್ ತೆಗೆದು, ಅದರ ಎದುರು ಸುಮ್ಮನೆ ನಿಲ್ಲಬೇಕು. ಏಲ್ಯಮ್ಮ ಇದ್ದ ಹಲ್ಲೆಲ್ಲ ಸುಳ್ಯದಲ್ಲಿ ಕೀಳಿಸಿಕೊಂಡು ಬಂದ ದಿನ ಅದು ಅವಳನ್ನು ಗುರುತೇ ಹಿಡಿಯಲಿಲ್ಲ. ಹಿಂದೆ ನಿಂತವಳನ್ನು ಏಲ್ಯಮ್ಮ ಅಂತ ಹೇಳಿ ಹಸಿರು ತೋರಿಸಿತು. ಹಲ್ಲಿನ ಸೆಟ್ ಬರುವವರೆಗೆ ಅವಳು ದಿನಾ ಆಫೀಸಿಗೆ ಹೋಗಿ, ನಾನು ನಾನೇ ಅಂತ ಹೇಳಿ ಬರಬೇಕಾಯಿತು.

ಇನ್ನೊಂದು ಉಂಟು, ಅದನ್ನು ನೆನೆಸಿದರೆ ಈಗಲೂ ತಲೆ ಬಿಸಿ ಆಗುತ್ತದೆ. ಸಂಜೆ ಹೊರಗೆ ಹೋಗುವಾಗ ಅದೇ ಯಂತ್ರದಲ್ಲಿ ಮೂರು ಮುಖ ಬರುತ್ತಿತ್ತು. ನಗುವುದು, ಸುಮ್ಮನಿರುವುದು, ಅಳುವುದು. ಇವತ್ತು ನಿಮಗೆ ಹೇಗಿತ್ತು, ಒಂದನ್ನು ಒತ್ತಿ. ನನಗೆ ಆ ದಿನ ಕಾಲು ನೋವು. ಅಳುವುದನ್ನು ಒತ್ತಿದೆ. ಮರುದಿನ ಆಫೀಸಿಗೆ ಕರೆದು, ಕಮಲಕ್ಕ, ನಿಮಗೆ ಇಲ್ಲಿ ಎಂತ ತೊಂದರೆ, ಯಾರಾದರೂ ಎಂತಾದರೂ ಹೇಳಿದರಾ, ಯೂನಿಯನ್ನಿನವರು ಬಂದಿದ್ದರಾ ಅಂತ ಒಂದು ಗಂಟೆ ಕೂರಿಸಿದರು. ಕಾಲು ನೋವು ಅಂದರೆ ನಂಬಲಿಲ್ಲ. ಅಲ್ಲಿಂದ ಮೇಲೆ ಶೆಡ್ಡಿನವರೆಲ್ಲ ನಗುವ ಮುಖವನ್ನೇ ಒತ್ತಿದ್ದು. ಗಂಡ ಸತ್ತು ತಿಥಿ ಮುಗಿಸಿ ಬಂದವಳೂ ನಗುವ ಮುಖ ಒತ್ತಿದಳು. ವರ್ಷದ ಕೊನೆಗೆ ಮ್ಯಾನೇಜರ್ ಮೀಟಿಂಗಿನಲ್ಲಿ, ನಮ್ಮ ಕೆಲಸದವರೆಲ್ಲ ಬಹಳ ಸಂತೋಷವಾಗಿದ್ದಾರೆ ಅಂತ ಪರದೆಯ ಮೇಲೆ ತೋರಿಸಿದರಂತೆ.

ಈಗ ಕ್ಯಾಮೆರಾದ ವಿಷಯ.

ಸಿಪ್ಪೆ ತೆಗೆಯುವ ಶೆಡ್ಡಿನಲ್ಲಿ ಉದ್ದ ಮೇಜುಗಳು. ಒಂದೊಂದು ಮೇಜಿಗೆ ಹೆಂಗಸರು ಎದುರು ಬದುರು ಕೂತು, ಒಣಗಿಸಿದ ಬೀಜದ ಕೆಂಪು ಸಿಪ್ಪೆ ಬಿಡಿಸಿ, ಇಡಿಯದ್ದು ಬೇರೆ, ಹೋಳು ಬೇರೆ ಮಾಡುತ್ತಾರೆ. ಮೇಜಿನ ಮೇಲೆ ಸರಿಯಾಗಿ ಒಂದೊಂದು ಕ್ಯಾಮೆರಾ ಹಾಕಿದರು. ಸುಮ್ಮನೆ ನೋಡುವ ಕ್ಯಾಮೆರಾ ಅಲ್ಲ, ಇದು ತಾನೇ ತಿಳಿದುಕೊಳ್ಳುತ್ತದೆ ಅಂತ ಹೇಳಿದರು. ಕೈ ನಿಂತರೆ ನನ್ನ ಟ್ಯಾಬಿನಲ್ಲಿ ಹಳದಿ ಬರುತ್ತದೆ. ಕೈ ಬೀಜದಿಂದ ಸೊಂಟಕ್ಕೋ ಬಾಯಿಗೋ ಹೋದರೆ ಕೆಂಪು ಬರುತ್ತದೆ. ಹಳದಿ ತನ್ನಷ್ಟಕ್ಕೆ ಹೋಗುತ್ತದೆ. ಕೆಂಪು ಹೋಗುವುದಿಲ್ಲ. ಯಾರಾದರೂ ಒತ್ತಿಯೇ ತೆಗೆಯಬೇಕು.

ದೇವಕಿ ಅರಂತೋಡಿನವಳು. ನನಗಿಂತ ಸ್ವಲ್ಪ ಸಣ್ಣ ಪ್ರಾಯ. ಮಾತು ಕಡಿಮೆ, ಕೈ ಜೋರು. ಅವಳಿಗೆ ಅಡಿಕೆಯ ಅಭ್ಯಾಸ. ಎಲೆ ಬೇಡ, ಸುಣ್ಣ ಬೇಡ, ಒಂದು ಹೋಳು ಅಡಿಕೆ, ಒಂದು ಚಿಟಿಕೆ ಹೊಗೆಸೊಪ್ಪು, ದವಡೆಯಲ್ಲಿ ಇಟ್ಟುಕೊಂಡರೆ ಮಧ್ಯಾಹ್ನದವರೆಗೆ ಸಾಕು. ಸೊಂಟದಲ್ಲಿ ಒಂದು ಬಟ್ಟೆಯ ಸಂಚಿ. ಶೆಡ್ಡಿನೊಳಗೆ ಏನೂ ತಿನ್ನಬಾರದು ಅಂತ ರೂಲ್ಸ್ ಉಂಟು. ನಾನು ಹೇಳಿದ್ದೆ, ದೇವಕಿ, ಹೊರಗೆ ಹೋಗಿ ಹಾಕಿಕೊ ಅಂತ. ಆಯಿತು ಅಕ್ಕ ಅನ್ನುತ್ತಿದ್ದಳು, ಮರೆತು ಕೈ ಅದರಷ್ಟಕ್ಕೆ ಸೊಂಟಕ್ಕೆ ಹೋಗುತ್ತಿತ್ತು. ಈ ಊರಿನಲ್ಲಿ ಅರ್ಧ ಜನರ ಕೈ ಹಾಗೆಯೇ ಹೋಗುತ್ತದೆ.

ಮೇಲಿನಿಂದ ನೋಡಿದರೆ ಒಡೆದ ಅಡಿಕೆಯ ಹೋಳು ಯಾವುದು, ಬೀಜದ ಹೋಳು ಯಾವುದು? ಎರಡೂ ಬಿಳಿ, ಎರಡೂ ಅಷ್ಟೇ ದೊಡ್ಡದು. ಒಂದು ಬೆಳಿಗ್ಗೆ ಟ್ಯಾಬ್ ಕೂಗಿತು. ಕೆಂಪು. ದೇವಕಿಯ ಕೈ ಮೇಜಿನಿಂದ ಸೊಂಟಕ್ಕೆ, ಸೊಂಟದಿಂದ ಬಾಯಿಗೆ. ನನ್ನ ಲೈನಿನಲ್ಲಿ, ಅಂದರೆ ನಾನು ನೋಡಿಕೊಳ್ಳುವ ಮೇಜುಗಳಲ್ಲಿ, ಮೊದಲನೇ ಕೆಂಪು ಅದು.

ನಾನು ಅದನ್ನು ತೆಗೆದುಕೊಂಡು ಮ್ಯಾನೇಜರರ ಹತ್ತಿರ ಹೋಗುವಷ್ಟರಲ್ಲಿ ಅವರ ಕಂಪ್ಯೂಟರಿಗೂ ಬಂದಿತ್ತು. ವಾಸುದೇವ ಸರ್ ಪುತ್ತೂರಿನವರು, ಕೆಟ್ಟವರಲ್ಲ, ಆದರೆ ಮೇಲಿನವರಿಗೆ ಹೆದರುವ ಜನ. ಅವರು ಒಂದು ಬುದ್ಧಿ ಕೆಟ್ಟ ಕೆಲಸ ಮಾಡಿದರು. ಇವಳು ಯಾರು, ಯಾವ ಮೇಜು ಅಂತ ಕೇಳಿ ಆ ವಿಡಿಯೊ ತುಂಡನ್ನು ಸೂಪರ್‌ವೈಸರ್‌ಗಳ ವಾಟ್ಸಾಪ್ ಗ್ರೂಪಿಗೆ ಹಾಕಿದರು. ಅಲ್ಲಿಂದ ಅದು ಪ್ಯಾಕಿಂಗಿಗೆ ಹೋಯಿತು, ಪ್ಯಾಕಿಂಗಿನಿಂದ ವ್ಯಾನಿಗೆ. ಸಂಜೆ ಫ್ಯಾಕ್ಟ್ರಿ ವ್ಯಾನಿನಲ್ಲಿ ದೇವಕಿ ಕಿಟಕಿಯ ಹತ್ತಿರ ಕೂತಿದ್ದಾಳೆ, ಅವಳ ಹಿಂದಿನ ಸೀಟಿನಲ್ಲಿ ಅವಳದ್ದೇ ಕೈ ಫೋನಿನೊಳಗೆ ಸೊಂಟಕ್ಕೆ ಬಾಯಿಗೆ, ಸೊಂಟಕ್ಕೆ ಬಾಯಿಗೆ. ಯಾರೋ ಅದರ ಕೆಳಗೆ ಕಳ್ಳಿ ಅಂತ ಬರೆದು ನಗುವ ಚಿತ್ರ ಹಾಕಿದ್ದರು. ನಾನು ಅದನ್ನು ನೋಡಿದೆ. ಅವಳೂ ನೋಡಿದಳು.

ಮರುದಿನ ಅವಳನ್ನು ಕರೆಸಿದರು, ನನ್ನನ್ನೂ ಕರೆಸಿದರು. ದೇವಕಿ ಸಂಚಿ ಬಿಚ್ಚಿ ಅಡಿಕೆ ಹೋಳುಗಳನ್ನು ಮೇಜಿನ ಮೇಲೆ ಇಟ್ಟಳು. ಸರ್ ಅದನ್ನು ಮುಟ್ಟಲೂ ಇಲ್ಲ.

"ಅಡಿಕೆ ತಿನ್ನುದು ಬೇರೆ ತಪ್ಪು ಮಾರಾಯ್ತಿ," ಅಂದರು. "ಅದನ್ನು ಹಾಕಲಿಕ್ಕೆ ಇದರಲ್ಲಿ ಜಾಗ ಇಲ್ಲ. ಇಲ್ಲಿ ಎರಡೇ ಉಂಟು. ಕದ್ದದ್ದು ಹೌದು, ಕದ್ದದ್ದು ಅಲ್ಲ."

"ಅಲ್ಲ ಅಂತ ಹಾಕಿ," ಅಂದಳು ದೇವಕಿ.

"ನಾನು ಹೇಗೆ ಹಾಕುದು? ಲೈನಿನ ಸೂಪರ್‌ವೈಸರ್ ಹಾಕಬೇಕು."

"ನಾನು ಕದ್ದೆ ಅಂತ ಹೇಳಿದ್ದು ಯಾರು ಸರ್?"

"ನಾನು ಹೇಳಲಿಲ್ಲ. ಕಂಪ್ಯೂಟರ್ ಹೇಳಿದ್ದು."

"ಅದು ನಮ್ಮ ದೈವದ ಚಾವಡಿಗೆ ಬಂದು ಹೇಳುತ್ತದಾ?"

ಸರ್ ನಗಲಿಕ್ಕೆ ನೋಡಿದರು. ನಾವಿಬ್ಬರೂ ನಗಲಿಲ್ಲ.

ಹೊರಗಿನವರಿಗೆ ಇದು ಗೊತ್ತಿರಲಿಕ್ಕಿಲ್ಲ. ನಮ್ಮ ಕಡೆ ಒಬ್ಬರು ಇನ್ನೊಬ್ಬರನ್ನು ಕಳ್ಳ ಅಂತ ಹೇಳಿದರೆ, ಅವರು ಅಲ್ಲ ಅಂದರೆ, ಇಬ್ಬರೂ ಊರು ಕಾಯುವ ದೈವದ ಚಾವಡಿಗೆ ಹೋಗಿ ಅದರ ಎದುರು ನಿಂತು ಪ್ರಮಾಣ ಮಾಡುವುದು ಉಂಟು. ಹೇಳಿದವರೂ ನಿಲ್ಲಬೇಕು, ಹೇಳಿಸಿಕೊಂಡವರೂ ನಿಲ್ಲಬೇಕು. ಬಹಳ ಜಗಳಗಳು ಚಾವಡಿಯವರೆಗೆ ಹೋಗುವುದಿಲ್ಲ. ದಾರಿಯಲ್ಲೇ ಒಬ್ಬರು ಹಿಂದೆ ತಿರುಗುತ್ತಾರೆ, ಯಾಕೆಂದರೆ ಸುಳ್ಳನ್ನು ಸ್ವಂತ ಬಾಯಿಯಿಂದ ಹೇಳಬೇಕಲ್ಲ. ದೈವ ಇದೆಯಾ ಇಲ್ಲವಾ ಅಂತ ನಾನು ಇಲ್ಲಿ ತರ್ಕ ಮಾಡುವುದಿಲ್ಲ. ಬಾಯಿ ಇದ್ದವರು ಬರಬೇಕು, ಅಷ್ಟೇ ವಿಷಯ.

ಆ ಕೆಂಪು ಮುಗಿಯುವವರೆಗೆ ಮನೆಯಲ್ಲಿರು ಅಂತ ದೇವಕಿಯನ್ನು ಕಳಿಸಿದರು. ಹೌದು ಅಂತ ಬಿದ್ದರೆ ಕೆಲಸ ಹೋಯಿತು, ಹತ್ತಿರದ ಬೇರೆ ಫ್ಯಾಕ್ಟ್ರಿಯವರೂ ತೆಗೆದುಕೊಳ್ಳುವುದಿಲ್ಲ. ಅದಕ್ಕಿಂತ ಹೆಚ್ಚು, ಕಳ್ಳಿ ಅನ್ನುವುದು ಖಾಯಂ ಆಯಿತು. ಅಲ್ಲ ಅಂತ ಆಗಬೇಕಾದರೆ ನಾನು ಒತ್ತಬೇಕು.

ಒತ್ತಲಿಕ್ಕೆ ನಾನು ಕೂತೆ. ಸಾಫ್ಟ್‌ವೇರ್ ಮಾಡುವ ಮಕ್ಕಳು ಯಾರಾದರೂ ಇದನ್ನು ಓದಿದರೆ ಇಲ್ಲಿ ಸ್ವಲ್ಪ ನಿಂತು ಓದಿ. ಹೌದು ಅನ್ನುವ ಬಟನ್ ಅಂಗೈಯಷ್ಟು ದೊಡ್ಡದು, ಕೆಂಪು, ಹೆಬ್ಬೆಟ್ಟಿನ ಕೆಳಗೇ ಉಂಟು. ಒಮ್ಮೆ ಮುಟ್ಟಿದರೆ ಮುಗಿಯಿತು. ಅಲ್ಲ ಅನ್ನುವುದು ಮೂಲೆಯಲ್ಲಿ, ಬೂದಿ ಬಣ್ಣದಲ್ಲಿ, ಅಕ್ಕಿಯಲ್ಲಿ ಕಲ್ಲು ಹುಡುಕಿದ ಹಾಗೆ ಹುಡುಕಬೇಕು. ಅದನ್ನು ಒತ್ತಿದರೆ ಒಂದು ಡಬ್ಬ ತೆರೆಯುತ್ತದೆ: ಕಾರಣ ಬರೆಯಿರಿ. ಇಂಗ್ಲಿಷಿನಲ್ಲಿ. ಕನ್ನಡ ಅದರಲ್ಲಿ ಇಲ್ಲ. ಸಾಕಷ್ಟು ಅಕ್ಷರ ತುಂಬುವವರೆಗೆ ಮುಂದೆ ಹೋಗಲಿಕ್ಕೆ ಬಿಡುವುದಿಲ್ಲ. ಒಬ್ಬಳನ್ನು ಕಳ್ಳಿ ಮಾಡಲಿಕ್ಕೆ ಬೆರಳು ಸಾಕು, ಕಳ್ಳಿ ಅಲ್ಲ ಅನ್ನಲಿಕ್ಕೆ ಕಾಲೇಜಿಗೆ ಹೋಗಿರಬೇಕು.

ನನಗೆ ಇಂಗ್ಲಿಷಿನ ಅಕ್ಷರ ಎಲ್ಲವೂ ಗೊತ್ತಿಲ್ಲ. ಆಫೀಸಿನ ಕ್ಲಾರ್ಕ್ ಹೆಂಗಸಿನ ಹತ್ತಿರ, ಇವಳು ಅಡಿಕೆ ಹಾಕಿಕೊಂಡದ್ದು ಅಂತ ಬರೆದು ಕೊಡು ಅಂದೆ. ಅವಳು ತಲೆ ಎತ್ತದೆ ಕಣ್ಣಿನಲ್ಲೇ ಮೇಲೆ ತೋರಿಸಿದಳು. ಅವಳ ಮೇಜಿನ ಮೇಲೂ ಒಂದು ಕ್ಯಾಮೆರಾ. ಬೇರೆ ಸೂಪರ್‌ವೈಸರ್‌ಗಳಿಗೆ ಕೇಳಿದೆ. ಒಬ್ಬಳು ಸತ್ಯ ಹೇಳಿದಳು, ನನ್ನ ಲೈನಿನಲ್ಲಿ ಕೆಂಪು ಬಂದರೆ ನಾನು ಹೌದು ಒತ್ತುದು ಅಕ್ಕ, ಕೂಗುದು ನಿಲ್ಲುತ್ತದಲ್ಲ ಅಂತ. ಅವಳ ಲೈನಿನಿಂದ ಅದಾಗಲೇ ಇಬ್ಬರು ಹೋಗಿದ್ದರು. ಅವರು ಕದ್ದಿದ್ದರಾ ಅಂತ ಕೇಳಿದೆ. ಯಾರಿಗೆ ಗೊತ್ತು ಅಂದಳು. ನನಗೆ ಅವಳ ಕೆನ್ನೆಗೆ ಒಂದು ಕೊಡುವ ಅಂತ ಅನ್ನಿಸಿತು. ಕೊಡಲಿಲ್ಲ, ಕ್ಯಾಮೆರಾ ಇತ್ತು.

ಆ ವಾರವೇ ಕ್ಯಾಮೆರಾ ಕಂಪೆನಿಯಿಂದ ಮಂಗಳೂರಿನ ಒಂದು ಹುಡುಗಿ ಬಂದಳು. ನಿಶಾ ಅಂತ ಹೆಸರು. ಮಳೆಗೆ ಒಂದು ಕ್ಯಾಮೆರಾದೊಳಗೆ ನೀರು ಹೋಗಿತ್ತು, ಅದನ್ನು ನೋಡಲಿಕ್ಕೆ. ಒಳ್ಳೆಯ ಹುಡುಗಿ. ಏಣಿ ಹತ್ತಿ ಅವಳೇ ಬಿಚ್ಚಿದಳು. ನಾನು ಕೆಳಗೆ ಏಣಿ ಹಿಡಿದು ನಿಂತು ಕೇಳಿದೆ.

"ಅಲ್ಲ ಮಗಾ, ಆ ಅಲ್ಲ ಅನ್ನುವ ಬಟನನ್ನು ಅಷ್ಟು ಕಷ್ಟ ಮಾಡಿದ್ದು ಯಾಕೆ?"

"ಅದು ಬೇಕು ಅಂತಲೇ ಮಾಡಿದ್ದು ಆಂಟಿ. ಮೊದಲು ಸುಲಭ ಇತ್ತು. ಸೂಪರ್‌ವೈಸರ್‌ಗಳು ನೋಡದೆ ಎಲ್ಲದಕ್ಕೂ ಅಲ್ಲ ಅಲ್ಲ ಅಂತ ಒತ್ತಿಬಿಡುತ್ತಿದ್ದರು. ಸ್ವಲ್ಪ ಯೋಚನೆ ಮಾಡಿ ಒತ್ತಲಿ ಅಂತ."

"ಹೌದು ಅನ್ನಲಿಕ್ಕೆ ಯೋಚನೆ ಬೇಡವಾ?"

ಅವಳು ಕೆಳಗಿಳಿದು ಲ್ಯಾಪ್‌ಟಾಪಿನಲ್ಲಿ ಏನೋ ಬರೆದುಕೊಂಡಳು. ಒಳ್ಳೆಯ ಪಾಯಿಂಟ್, ಮೇಲಿನವರಿಗೆ ಕಳಿಸುತ್ತೇನೆ ಅಂದಳು. ಅಡಿಕೆಯ ವಿಷಯ ಹೇಳಿದೆ. ಈ ಕಂಪ್ಯೂಟರಿಗೆ ಬೇರೆ ಎಲ್ಲಿಯದೋ ಫ್ಯಾಕ್ಟ್ರಿಗಳ ವಿಡಿಯೊ ತೋರಿಸಿ ಕಲಿಸಿದ್ದಂತೆ, ಅಲ್ಲಿ ಯಾರೂ ಅಡಿಕೆ ತಿನ್ನುವವರಿಲ್ಲವಂತೆ. ಹಾಗಾದರೆ ದೇವಕಿ ಕಳ್ಳಿ ಅಂತ ನೀವು ಹೇಳುವುದಾ ಅಂತ ಕೇಳಿದೆ. ಅಯ್ಯೋ ಇಲ್ಲ ಆಂಟಿ, ನಾವು ಅಲರ್ಟ್ ಮಾತ್ರ ಕೊಡುದು, ತೀರ್ಮಾನ ಫ್ಯಾಕ್ಟ್ರಿಯವರದ್ದು ಅಂದಳು. ಅವಳೇ ನನಗೆ ಕಾರಣ ಬರೆದು ಕೊಡಬಹುದಾ ಅಂತ ಕೇಳಿದ್ದಕ್ಕೆ, ಫ್ಯಾಕ್ಟ್ರಿಯ ದಾಖಲೆಗೆ ನಾವು ಕೈ ಹಾಕಿದರೆ ನನ್ನ ಕೆಲಸ ಹೋಗುತ್ತದೆ ಅಂದಳು. ಅದೂ ಸತ್ಯವೇ ಇರಬಹುದು. ಹೋಗುವ ಮುಂಚೆ ಒಂದು ವಿಷಯ ಮಾತ್ರ ಹೇಳಿದಳು, ಅದು ಗೊತ್ತಿಲ್ಲದಿದ್ದರೆ ನಾನು ಸುಮ್ಮನೆ ಕೂತುಬಿಡುತ್ತಿದ್ದೆ. ಯಾರೂ ಏನೂ ಒತ್ತದಿದ್ದರೆ ವಾಯಿದೆ ಮುಗಿದ ರಾತ್ರಿ ಅದು ತಾನೇ ಹೌದು ಅಂತ ಬೀಳುತ್ತದೆ. ದೇವಕಿಯದ್ದಕ್ಕೆ ವಾಯಿದೆ ಆ ಶುಕ್ರವಾರ.

ಲೆಕ್ಕ ಹಾಕಿ ನೋಡಿ. ಕಂಪೆನಿಯವರು ಹೇಳಲಿಲ್ಲ, ಮ್ಯಾನೇಜರ್ ಹೇಳಲಿಲ್ಲ, ನಾನು ಹೇಳಲಿಲ್ಲ. ಆದರೂ ಅವಳು ಕಳ್ಳಿ.

ಅಷ್ಟರಲ್ಲಿ ಅರಂತೋಡಿನಿಂದ ಸುದ್ದಿ ಬಂತು. ದೇವಕಿ ಒಬ್ಬಳೇ ದೈವದ ಚಾವಡಿಗೆ ಹೋಗಿದ್ದಳಂತೆ, ಪ್ರಮಾಣ ಮಾಡುತ್ತೇನೆ ಅಂತ. ಅಲ್ಲಿನ ಮುಖ್ಯಸ್ಥರು, ನಿನ್ನ ಎದುರಿನವರು ಯಾರು ಅಂತ ಕೇಳಿದರಂತೆ. ಕಂಪ್ಯೂಟರ್ ಅಂದಳಂತೆ. ಅವರು ಬಹಳ ಹೊತ್ತು ಯೋಚನೆ ಮಾಡಿ, ಎದುರಿನವರಿಲ್ಲದೆ ಪ್ರಮಾಣ ಆಗುವುದಿಲ್ಲ ಮಗಾ, ಒಬ್ಬ ಮನುಷ್ಯನನ್ನು ಕರೆದುಕೊಂಡು ಬಾ ಅಂತ ಹಿಂದೆ ಕಳಿಸಿದರಂತೆ. ಅಲ್ಲಿಂದ ಬಂದವಳು ಅಂಗಡಿಗೂ ಹೋಗುವುದಿಲ್ಲ, ಹಾಲು ಕೊಡಲಿಕ್ಕೆ ಡೈರಿಗೂ ಹೋಗುವುದಿಲ್ಲ ಅಂತ ಅವಳ ನೆರೆಯವಳು ವ್ಯಾನಿನಲ್ಲಿ ಹೇಳಿದಳು.

ಶುಕ್ರವಾರ ಸಂಜೆ ಸರ್ ನನ್ನನ್ನು ಕರೆದರು. ನಾಳೆ ಧನಿಗಳ ಮೀಟಿಂಗ್ ಉಂಟು, ಕೆಂಪು ಬಾಕಿ ಇರುವುದು ನಿಮ್ಮ ಲೈನಿನಲ್ಲಿ ಮಾತ್ರ, ಮುಗಿಸಿ ಅಂದರು. ಅಲ್ಲ ಅನ್ನಲಿಕ್ಕೆ ಇಂಗ್ಲಿಷ್ ಬೇಕು, ನೀವು ಬರೆದು ಕೊಡಿ ಅಂದೆ. ನಾನು ಬರೆದರೆ ನನ್ನ ಹೊಣೆ ಆಗುತ್ತದೆ ಅಂದರು. ಹಾಗಾದರೆ ಹೌದು ಒತ್ತಿಬಿಡಿ, ಒಂದು ಬೆರಳಿನ ಕೆಲಸ, ನಿಮಗೆ ಯಾಕೆ ಇಷ್ಟು ಹಟ ಅಂದರು.

ನಾನು ಟ್ಯಾಬನ್ನು ಅವರ ಎದುರು ಇಟ್ಟೆ.

"ನೀವೇ ಒತ್ತಿ ಸರ್. ಆದರೆ ಒತ್ತಿದವರು ನಾಡಿದ್ದು ಭಾನುವಾರ ಅರಂತೋಡಿಗೆ ಬರಬೇಕು. ದೇವಕಿಯ ಎದುರು ನಿಲ್ಲಲಿಕ್ಕೆ ಅವರಿಗೆ ಒಬ್ಬ ಮನುಷ್ಯ ಬೇಕಂತೆ."

ಬಟನ್ ಅವರ ಬೆರಳಿನಿಂದ ಒಂದು ಗೇಣು ದೂರದಲ್ಲಿತ್ತು. ಅವರು ಟ್ಯಾಬನ್ನು ನೋಡಿದರು. ಆಮೇಲೆ ಎರಡೂ ಕೈಯನ್ನು ಮೇಜಿನ ಕೆಳಗೆ ತೆಗೆದುಕೊಂಡರು. ಪುತ್ತೂರಿನವರಲ್ಲವಾ, ಅವರಿಗೆ ಗೊತ್ತು.

"ನನಗೆ ಇದೆಲ್ಲ ಬೇಡ ಕಮಲಕ್ಕ," ಅಂದರು. "ತೆಗೆದುಕೊಂಡು ಹೋಗಿ. ಏನಾದರೂ ಮಾಡಿ."

ನಾನು ಪ್ಯಾಕಿಂಗ್ ರೂಮಿಗೆ ಹೋದೆ. ಎಲ್ಲರೂ ವ್ಯಾನಿಗೆ ಹೊರಟಿದ್ದರು. ಅಲ್ಲಿ ಹೊರದೇಶಕ್ಕೆ ಹೋಗುವ ರಟ್ಟಿನ ಪೆಟ್ಟಿಗೆಗಳು ಗೋಡೆಗೆ ತಾಗಿಸಿ ಪೇರಿಸಿದ್ದವು. ಒಂದೊಂದರ ಮೇಲೂ ದೊಡ್ಡ ದೊಡ್ಡ ಇಂಗ್ಲಿಷ್ ಅಕ್ಷರ. ನನಗೆ ಯೋಚನೆ ಬಂದದ್ದು ಅಲ್ಲಿ ನಿಂತಾಗ. ಡಬ್ಬ ಕೇಳುವುದು ಇಂಗ್ಲಿಷ್ ಅಕ್ಷರ. ಇಲ್ಲಿ ಅಕ್ಷರ ಉಂಟು. ಒಂದು ಪೆಟ್ಟಿಗೆಯ ಎದುರು ಕೂತು ಮೂಲೆಯ ಬೂದಿ ಬಟನ್ ಒತ್ತಿದೆ. ಡಬ್ಬ ತೆರೆಯಿತು. ಪೆಟ್ಟಿಗೆಯ ಮೇಲಿನ ಮೊದಲನೇ ಅಕ್ಷರ ನೋಡಿದೆ, ಟ್ಯಾಬಿನಲ್ಲಿ ಅಂಥದ್ದೇ ಆಕಾರದ ಅಕ್ಷರ ಹುಡುಕಿ ಒತ್ತಿದೆ. ಆಮೇಲೆ ಎರಡನೆಯದ್ದು. ಬೀಜ ಆರಿಸುವ ಕೆಲಸದ ಹಾಗೆಯೇ, ಒಂದನ್ನು ನೋಡಿ ಅದರ ಜೋಡಿ ಹುಡುಕುವುದು. ಹೊರಗೆ ವ್ಯಾನಿನವ ಹಾರ್ನ್ ಹಾಕುತ್ತಿದ್ದ. ಏಲ್ಯಮ್ಮ ಬಂದು, ಎಂತ ಮಾಡುದು ಮಾರಾಯ್ತಿ, ಪೆಟ್ಟಿಗೆಗೆ ಪಾಠ ಮಾಡುದಾ ಅಂತ ಕೇಳಿದಳು. ಅವನನ್ನು ನಿಲ್ಲಿಸು ಅಂದೆ. ಅವಳು ಹೋಗಿ ವ್ಯಾನಿನ ಮೆಟ್ಟಿಲಿನ ಮೇಲೆ ಕೂತಳು.

ಅಕ್ಷರ ಸಾಕಾದಾಗ ಬಟನ್ ಬಣ್ಣ ಬದಲಾಯಿತು. ಒತ್ತಿದೆ. ಕೆಂಪು ಹೋಗಿ ಹಸಿರು ಬಂತು. ಕೆಳಗೆ ನನ್ನ ಹೆಸರು ಬಂತು.

ಆ ಪೆಟ್ಟಿಗೆಯ ಮೇಲೆ ಎಂತ ಬರೆದದ್ದು ಅಂತ ಆಮೇಲೆ ಕೇಳಿ ತಿಳಿದುಕೊಂಡೆ. ತಂಪಾದ, ಒಣಗಿದ ಜಾಗದಲ್ಲಿ ಇಡಿ ಅಂತ ಅಂತೆ. ದೇವಕಿ ಕಳ್ಳಿ ಅಲ್ಲ ಅನ್ನಲಿಕ್ಕೆ ಆ ಕಂಪ್ಯೂಟರ್ ಒಪ್ಪಿದ ಕಾರಣ ಅದು. ನಾನು ಕೆಲಸ ಬಿಡುವವರೆಗೆ ಯಾರೂ ಅದನ್ನು ಓದಿ ನನ್ನನ್ನು ಕೇಳಲಿಲ್ಲ. ಆ ಡಬ್ಬ ಮಾಡಿದವರಿಗೆ ಕಾರಣ ಬೇಕಾಗಿರಲಿಲ್ಲ, ನಮಗೆ ತಡ ಆಗಬೇಕಿತ್ತು, ಅಷ್ಟೇ.

ಸರ್ ಹಸಿರು ನೋಡಿ ಉಸಿರು ಬಿಟ್ಟರು. ಅವಳನ್ನು ನಾಳೆಯಿಂದ ಬರಲಿಕ್ಕೆ ಹೇಳಿ ಅಂದರು. ಏನೂ ಆಗಲೇ ಇಲ್ಲ ಅನ್ನುವ ಹಾಗೆ. ರಾತ್ರಿ, ದೇವಕಿಯ ನೆರೆಯವಳು ವ್ಯಾನಿನಲ್ಲಿ ಮನೆ ಮುಟ್ಟಿದ ಮೇಲೆ, ನಾನು ಅವಳಿಗೆ ಫೋನ್ ಮಾಡಿ ದೇವಕಿಯ ಹತ್ತಿರ ಮಾತಾಡಿದೆ. ಹಸಿರು ಆಯಿತು, ನಾಳೆ ಬಾ ಅಂದೆ.

"ಅದು ನಿಮ್ಮ ಟ್ಯಾಬಿನಲ್ಲಿ ಕಮಲಕ್ಕ," ಅಂದಳು. "ವ್ಯಾನಿನಲ್ಲಿ ನಾನು ಇನ್ನೂ ತಿನ್ನುತ್ತಾ ಇದ್ದೇನಲ್ಲ."

ನಾಳೆ ಹೊರಟು ನಿಂತಿರು ಅಂತ ಮಾತ್ರ ಹೇಳಿ ಇಟ್ಟೆ.

ಮರುದಿನ ಬೆಳಿಗ್ಗೆ ನಾನು ಜಾಲ್ಸೂರಿನಲ್ಲಿ ಫ್ಯಾಕ್ಟ್ರಿ ವ್ಯಾನಿಗೆ ಕಾಯಲಿಲ್ಲ. ಮೊದಲನೇ ಬಸ್ಸಿಗೆ ಸುಳ್ಯಕ್ಕೆ ಹೋಗಿ ಅಲ್ಲಿಂದ ಮಡಿಕೇರಿ ಬಸ್ಸು ಹಿಡಿದು ಅರಂತೋಡಿನಲ್ಲಿ ಇಳಿದೆ. ದೇವಕಿ ಹೊರಟು ನಿಂತಿರಲಿಲ್ಲ, ದನ ಕಟ್ಟುತ್ತಿದ್ದಳು. ಸೀರೆ ಬದಲಿಸು ಅಂತ ಬೈದು ಕರೆದುಕೊಂಡು ಬಂದೆ. ವ್ಯಾನ್ ಹೊರಡುವುದು ಅಲ್ಲಿಂದಲೇ. ಅವಳನ್ನು ಮುಂದಿನ ಸೀಟಿನಲ್ಲಿ ಕೂರಿಸಿ ನಾನು ಬಾಗಿಲಿನ ಹತ್ತಿರ ನಿಂತೆ. ಹತ್ತಿದ ಒಬ್ಬೊಬ್ಬಳ ಹತ್ತಿರವೂ ಫೋನ್ ತೆಗಿ ಅಂದೆ. ಆ ವಿಡಿಯೊ ತೆಗಿ, ಈಗ ನನ್ನ ಕಣ್ಣೆದುರು ಅಳಿಸು. ಅದು ಅಡಿಕೆ, ನಾನು ಅವಳ ಲೈನಿನವಳು, ಹೇಳುವುದು ನಾನು. ಇಲ್ಲ, ಅದು ಬೀಜ ಅಂತ ನಿನಗೆ ಗೊತ್ತಿದ್ದರೆ ಅವಳು ಇಲ್ಲೇ ಕೂತಿದ್ದಾಳೆ, ಮುಖ ನೋಡಿ ಹೇಳು.

ಮೊದಲು ಹತ್ತಿದವರು ಅಳಿಸಿದರು. ಸುಳ್ಯದಲ್ಲಿ ಹತ್ತಿದ ಒಬ್ಬಳು, ನಾನು ನೋಡಲೇ ಇಲ್ಲ ಅಕ್ಕ ಅಂದಳು. ನೋಡದೆ ಇದ್ದದ್ದನ್ನು ಇಟ್ಟುಕೊಂಡು ನಿನಗೆ ಎಂತ ಅಂದೆ. ಪೈಚಾರಿನಲ್ಲಿ ಏಲ್ಯಮ್ಮ ಹತ್ತಿದಳು. ಅವಳ ಫೋನಿನಲ್ಲಿ ವಿಡಿಯೊ ಬರುವುದೇ ಇಲ್ಲ, ಆದರೂ ಅಳಿಸಿದೆ ಅಂತ ಜೋರಾಗಿ ಹೇಳಿ ದೇವಕಿಯ ಪಕ್ಕದಲ್ಲಿ ಕೂತಳು. ದೇವಕಿ ಕಿಟಕಿಯ ಹೊರಗೆ ನೋಡುತ್ತಿದ್ದಳು. ಅಳಲಿಲ್ಲ, ಥ್ಯಾಂಕ್ಸ್ ಹೇಳಲಿಲ್ಲ. ಹೇಳುವ ವಿಷಯ ಅಲ್ಲ ಅದು.

ಫ್ಯಾಕ್ಟ್ರಿಯಲ್ಲಿ ಇಳಿದು ನಾನು ಮುಖದ ಯಂತ್ರದ ಎದುರು ನಿಲ್ಲುವ ಮುಂಚೆ ಆಫೀಸಿಗೆ ಹೋದೆ.

"ಸರ್, ನಿಮ್ಮ ಫೋನಿನಲ್ಲಿ ಇರುವುದನ್ನೂ ತೆಗೆಯಿರಿ. ಮೊದಲು ಕಳಿಸಿದ್ದು ನೀವು."

"ಇದರಲ್ಲಿ ತೆಗೆದರೆ ಎಂತ ಪ್ರಯೋಜನ ಕಮಲಕ್ಕ? ಅದು ಸರ್ವರಿನಲ್ಲಿ ಉಂಟು. ಅಲ್ಲಿಂದ ಹೋಗುದಿಲ್ಲ."

"ಅಲ್ಲಿ ಇರಲಿ. ಅದು ವ್ಯಾನಿನಲ್ಲಿ ದೇವಕಿಯ ಹಿಂದಿನ ಸೀಟಿನಲ್ಲಿ ಕೂರುವುದಿಲ್ಲ."

ಅವರು ಫೋನ್ ಕೈಗೆ ತೆಗೆದುಕೊಂಡರು. ಮೊದಲು ಗ್ರೂಪಿನಿಂದ ತೆಗೆದರು, ಆಮೇಲೆ ಅವರದ್ದರಿಂದ. ತೆಗೆದದ್ದನ್ನು ನನಗೆ ತಿರುಗಿಸಿ ತೋರಿಸಿದರು. ನಾನು ಹೋಗಿ ಕೈ ತೊಳೆದು ಶೆಡ್ಡಿಗೆ ಹೋದೆ. ದೇವಕಿ ಮೇಜಿನಲ್ಲಿ ಕೂತು ಕೆಲಸ ಶುರು ಮಾಡಿದ್ದಳು.